ಇಕಾ ಹುಡುಗಿಗಾಗಿ ಬಾಗಿಲು ತಟ್ಟಿದ ಭಾನುವಾರ

ಗೇಟಿನ ಬೆಲ್ ಹೊಡೆದರೆ ಸಾಕು, ಬಂದವರು ಯಾರೆಂದು ನೋಡುವ ಮೊದಲೇ ನನ್ನ ಬಾಯಲ್ಲಿ ಒಂದು ಉತ್ತರ ತಯಾರಾಗಿ ನಿಂತಿರುತ್ತದೆ. ಅವರಿಗೆ ಯಾವುದು ಹಿತವೋ ಅದನ್ನು ಹೇಳಿ ಸಾಗಹಾಕುವ ಉತ್ತರ. ಮೂವತ್ತು ವರ್ಷಕ್ಕೂ ಮೇಲಾಯಿತು, ಈ ಅಭ್ಯಾಸ ಹೋಗಿಲ್ಲ. ಇದರಿಂದ ಯಾರಿಗೂ ತೊಂದರೆಯಿಲ್ಲ ಅಂದುಕೊಂಡಿದ್ದೆ. ಕಳೆದ ವರ್ಷ ಇದೇ ಅಭ್ಯಾಸದಿಂದ ಒಂದು ಹುಡುಗಿಯ ಮದುವೆಯನ್ನು ಇನ್ನೇನು ಮುರಿದೇಬಿಡುತ್ತಿದ್ದೆ.

ಹುಡುಗಿ ನನ್ನ ಮಹಡಿ ಮನೆಯ ಬಾಡಿಗೆದಾರಳು. ನೈಜೀರಿಯಾ ದೇಶದ ಅಗ್ಬೋರ್ ಎಂಬ ಊರಿನವಳು. ಕೆಂಗೇರಿಯಾಚೆಯ ಒಂದು ಕಾಲೇಜಿನಲ್ಲಿ ನರ್ಸಿಂಗ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಬ್ರೋಕರ್ ಅವಳನ್ನು ಕರೆತಂದಾಗ ಹಿಂದಿನಿಂದ ನನಗೆ ಕಣ್ಸನ್ನೆ ಮಾಡಿ, "ಯೋಚ್ನೆ ಮಾಡಿ ಮೇಡಂ, ಫಾರಿನರ್ಸು, ಆಮೇಲೆ ನನ್ನ ಅನ್ಬೇಡಿ" ಎಂದಿದ್ದ. ಚಂದ್ರಾ ಲೇಔಟಿನಲ್ಲಿ ಆಗಲೇ ಆರು ಮನೆ ಬೇಡ ಎಂದಿದ್ದವಂತೆ. ನಾನು ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಬೆಳೆದವಳು. ಎದುರಿಗೆ ನಿಂತವಳ ಮುಖ ನೋಡಿಕೊಂಡು ಇಲ್ಲ ಎನ್ನಲು ನಾಲಗೆ ಬರಲಿಲ್ಲ. ಹೌದು ಎನ್ನುವುದು ಸುಲಭ. ನನ್ನ ಜೀವನದಲ್ಲಿ ಬಹಳಷ್ಟು ಹೌದುಗಳು ಹಾಗೇ ಬಂದಿವೆ.

ಅವಳು ಬಂದ ಮಾರನೆಯ ಬೆಳಿಗ್ಗೆ ಕೆಳಗಿಳಿದು, ಒಂದು ಮಂಡಿ ನೆಲಕ್ಕೂರಿ, ಏನೋ ಒಂದು ಮಾತು ಹೇಳಿದಳು. ಗುಡ್ ಮಾರ್ನಿಂಗ್ ಇರಬೇಕೆಂದು ನಾನೂ ಗುಡ್ ಮಾರ್ನಿಂಗ್ ಎಂದೆ. ಪ್ರತಿದಿನ ಅದೇ ಮಾತು, ಅದೇ ಮಂಡಿ. ಎಷ್ಟೋ ತಿಂಗಳ ಮೇಲೆ ಕೇಳಿದಾಗ ನಕ್ಕಳು. ಅದು ಎಲ್ಲರೂ ಹೇಳುವ ನಮಸ್ಕಾರವಲ್ಲವಂತೆ, ಅವರ ಮನೆಯದೇ ನಮಸ್ಕಾರ. ಅವರ ಪಕ್ಕದ ಬೆನಿನ್ ಊರಿನ ಕಡೆಯವರಲ್ಲಿ ಹೀಗೆ ಮನೆತನಕ್ಕೊಂದು ಬೆಳಗಿನ ಮಾತು ಇರುತ್ತದಂತೆ. ಅವಳ ಅಪ್ಪನ ಮನೆಯಲ್ಲೂ ಅದು ಉಳಿದುಕೊಂಡಿದೆ. ಮನೆಯ ಹಿರಿಯರಿಗೆ ಮಾತ್ರ ಅದನ್ನು ಹೇಳಬೇಕು. ಇಲ್ಲಿ ಹಿರಿಯರು ಅಂತ ಇರುವುದು ನೀವೊಬ್ಬರೇ, ಅದಕ್ಕೇ ನಿಮಗೇ ಹೇಳುತ್ತೇನೆ, ಎಂದಳು. ನಾನು ಕಾಫಿಗೆ ನೀರಿಟ್ಟೆ.

ಎದುರುಮನೆಯಾಕೆಗೆ ಅವಳನ್ನು ಕಂಡರೆ ಮೊದಮೊದಲು ಅನುಮಾನ. ಎದುರುಮನೆಯವರು ಅತ್ತಿಗುಪ್ಪೆಯ ಹಳೆಯ ಒಕ್ಕಲು ಮನೆತನ. ಈ ಲೇಔಟಿನ ಒಂದಷ್ಟು ರಸ್ತೆಗಳು ಅವರ ಮಾವನ ರಾಗಿ ಹೊಲದ ಮೇಲೇ ಬಿದ್ದಿವೆ. ತಾನು ಯಾರು, ಎಲ್ಲಿಯವಳು ಎಂಬ ಪ್ರಶ್ನೆ ಆಕೆಗೆ ಹುಟ್ಟಿದಾರಭ್ಯ ಬಂದಿರಲಿಕ್ಕಿಲ್ಲ. ಒಂದು ದಿನ ಆಕೆ ಮುದ್ದೆ ಮಾಡಿ ತಂದಾಗ ಹುಡುಗಿ ನಮ್ಮ ಜೊತೆಗೇ ಕೂತಳು. ಮುರಿದಳು, ಉಂಡೆ ಕಟ್ಟಿದಳು, ಸಾರಿನಲ್ಲಿ ಹೊರಳಿಸಿ ನುಂಗಿಬಿಟ್ಟಳು. ಅವರ ಊರಿನಲ್ಲೂ ಗೆಣಸನ್ನು ಕುಟ್ಟಿ ಮಾಡಿದ ಮುದ್ದೆಯನ್ನು ನುಂಗುವುದೇ ಪದ್ಧತಿ.

"ಅಗಿಲಿಲ್ಲ ಕಣ್ರೀ ಮೇಡಮ್ಮೋರೆ! ನುಂಗ್ಬುಟ್ಳು!" ಎದುರುಮನೆಯಾಕೆ ಎದೆಯ ಮೇಲೆ ಕೈಯಿಟ್ಟುಕೊಂಡಳು. "ನೀವು ಇಷ್ಟ್ ವರ್ಷದಿಂದ ಇಲ್ಲಿದೀರ, ಇನ್ನೂ ಸ್ಪೂನಲ್ಲಿ ತಿಂತೀರ. ಇವ್ಳು ನಮ್ಮೋಳೇ ಬಿಡಿ."

ನಮ್ಮೋಳೇ ಎಂದದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಹುಡುಗಿ ನಕ್ಕಳು, ಆದರೆ ಪೂರ್ತಿ ನಗಲಿಲ್ಲ. "ಎಲ್ಲರೂ ನನ್ನನ್ನು ತಮ್ಮವಳು ಅನ್ನುತ್ತಾರೆ ಆಂಟಿ. ಅದೇ ಪ್ರಾಬ್ಲಮ್" ಎಂದಳು.

ಆ ಪ್ರಾಬ್ಲಮ್ ಏನೆಂದು ಕೈ ತೊಳೆದು ಬಂದ ಮೇಲೆ ಹೇಳಿದಳು. ಅವಳ ಜನಕ್ಕೆ ಇಕಾ ಎಂದು ಹೆಸರು. ಒಂದು ದೊಡ್ಡ ನದಿ. ಅದರ ಪೂರ್ವಕ್ಕೆ ಬಹುಸಂಖ್ಯೆಯ ಇಗ್ಬೋ ಜನ. ಪಶ್ಚಿಮಕ್ಕೆ ಹೋದರೆ ಬೆನಿನ್, ಹಳೆಯ ಅರಸರ ಊರು. ನದಿಯಿಂದ ಈಚೆ, ಬೆನಿನ್ನಿನ ಹಾದಿಯಲ್ಲಿ ಇಕಾ ಜನ. ಅವರ ಮಾತು ಕೇಳಿದರೆ ಇಗ್ಬೋ ಎನಿಸುತ್ತದೆ. ಅವರ ಅರಮನೆ, ಪಟ್ಟ, ಪದವಿಗಳನ್ನು ನೋಡಿದರೆ ಬೆನಿನ್ ಎನಿಸುತ್ತದೆ. ಶಾಲೆಯ ಪುಸ್ತಕ ಇಗ್ಬೋಗಳ ಒಂದು ಶಾಖೆ ಎನ್ನುತ್ತದೆ. ಊರಿನ ಹಿರಿಯರಲ್ಲಿ ಕೆಲವರು, ನಮ್ಮ ಮೂಲಪುರುಷರು ಬೆನಿನ್ನಿನಿಂದ ಹೊರಟು ಬಂದವರು ಎನ್ನುತ್ತಾರೆ. ಇನ್ನು ಕೆಲವರು, ನಾವು ಎಲ್ಲಿಂದಲೂ ಬಂದವರಲ್ಲ, ಇಲ್ಲೇ ಇದ್ದವರು, ಇಕಾ ಎಂದರೆ ಇಕಾ, ಅಷ್ಟೇ ಎನ್ನುತ್ತಾರೆ. ಅವಳ ಸ್ವಂತ ಅಜ್ಜಿಯರಿಬ್ಬರೂ ಈ ವಿಷಯಕ್ಕೆ ಒಂದು ಹಬ್ಬದ ದಿನ ಜಗಳವಾಡಿ ಮೂರು ವರ್ಷ ಮಾತು ಬಿಟ್ಟಿದ್ದರಂತೆ.

"ನೀನೇನು ಅಂತೀಯ?" ಎಂದು ಕೇಳಿದೆ.

"ನಾನು ಡಾಟರ್ ಅಂತೀನಿ ಆಂಟಿ. ಅಪ್ಪ ಏನಂತಾರೋ ಅದು."

ಅಪ್ಪ ಹೇಳುವುದರ ಹಿಂದೆ ಒಂದು ಯುದ್ಧವಿತ್ತು. ಇಗ್ಬೋಗಳು ಬೇರೆ ದೇಶ ಮಾಡಿಕೊಳ್ಳಲು ಹೊರಟು, ದೇಶದೊಳಗೇ ಯುದ್ಧವಾದ ಕಾಲ. ಅವಳಪ್ಪನಿಗೆ ಆಗ ಆರು ವರ್ಷ. ಸರ್ಕಾರದ ಸೈನಿಕರು ಮನೆಯ ಮುಂದೆ ನಿಂತು, ನೀವು ಇಗ್ಬೋಗಳಾ ಎಂದು ಕೇಳಿದ್ದರು. ಅಜ್ಜ, "ಅಲ್ಲ" ಎಂದ, ಉಳಿದ. ಪಕ್ಕದ ಊರಿನ ಪೇಟೆಯಲ್ಲಿದ್ದ ಅಜ್ಜನ ತಮ್ಮನಿಗೂ ಅದೇ ಪ್ರಶ್ನೆ ಬಂತು. ಅವನು ಏನು ಉತ್ತರ ಕೊಟ್ಟನೋ ಯಾರಿಗೂ ಗೊತ್ತಿಲ್ಲ. ಅವನ ಹೆಣವೂ ಸಿಗಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಇಗ್ಬೋ ಎಂಬುದನ್ನು ಯಾರೂ ತಮಾಷೆಗೂ ತಮ್ಮ ಮೇಲೆ ಹಾಕಿಕೊಳ್ಳುವುದಿಲ್ಲ.

ಇಷ್ಟಾಗಿ ಹುಡುಗಿ ಮೆಚ್ಚಿದ್ದು ಒಬ್ಬ ಇಗ್ಬೋನನ್ನೇ. ಬೆಂಗಳೂರಿನಲ್ಲಿ ಫಾರ್ಮಸಿ ಓದಿದವನು, ಸಭ್ಯ, ಮೆಲುದನಿಯವನು. ಅವನಿಗೆ ತಂದೆಯಿಲ್ಲ, ದೊಡ್ಡಪ್ಪನೇ ಎಲ್ಲ. ಆ ದೊಡ್ಡಪ್ಪ ಮಂಡಿಯ ಆಪರೇಷನ್ನಿಗೆಂದು ಬೆಂಗಳೂರಿಗೆ ಬಂದಿದ್ದರು, ವಾಪಸು ಹೊರಡಲು ಹತ್ತು ದಿನವಿತ್ತು. ಅಷ್ಟರಲ್ಲಿ ಬಾಗಿಲು ತಟ್ಟುವ ಶಾಸ್ತ್ರ ಆಗಬೇಕಿತ್ತು. ಗಂಡಿನ ಕಡೆಯವರು ಹೆಣ್ಣಿನ ಮನೆಯ ಬಾಗಿಲು ತಟ್ಟಿ, ನಾವು ಇಂಥದ್ದಕ್ಕೆ ಬಂದಿದ್ದೇವೆ ಎನ್ನಬೇಕು. ಹೆಣ್ಣಿನ ಕಡೆಯ ಹಿರಿಯರು ಒಪ್ಪಬೇಕು. ಹೆಣ್ಣಿನ ಮನೆ ಎಂದರೆ ಇಲ್ಲಿ ನನ್ನ ಮನೆ, ಹಿರಿಯಳು ನಾನು. ಅಪ್ಪ ಫೋನಿನಲ್ಲಿ ಕೂರುವುದು ಎಂದಾಯಿತು.

ಆ ದೊಡ್ಡಪ್ಪನಿಗೂ ಅದೇ ಯುದ್ಧ. ಅವರ ಇಬ್ಬರು ಅಣ್ಣಂದಿರು ಅದರಲ್ಲಿ ಹೋದರು. ನದಿಯಾಚೆಗಿನವರು ನಮ್ಮ ಮಾತನ್ನೇ ಆಡಿಕೊಂಡು, ಕಷ್ಟ ಬಂದಾಗ ನಾವು ನಿಮ್ಮವರಲ್ಲ ಎಂದರು ಎಂಬ ಸಂಕಟ ಅವರದು. ಅಲ್ಲ ಎಂದವರ ಮನೆಯಿಂದ ಹೆಣ್ಣು ತರುವುದಿಲ್ಲ ಎಂದು ಹುಡುಗನಿಗೆ ಹೇಳಿದ್ದರು.

"ಅವರು ಆ ಪ್ರಶ್ನೆ ಕೇಳಬಾರದು ಆಂಟಿ, ಅಷ್ಟೇ" ಎಂದಳು ಹುಡುಗಿ. "ನಾನು ಇಗ್ಬೋ ಅಂದರೆ ಅಪ್ಪ ಫೋನ್ ಇಡ್ತಾರೆ. ಅಲ್ಲ ಅಂದರೆ ಅವರ ದೊಡ್ಡಪ್ಪ ಎದ್ದು ಹೋಗ್ತಾರೆ. ಇವನು ಹೇಗೋ ಮ್ಯಾನೇಜ್ ಮಾಡ್ತೀನಿ ಅಂದಿದಾನೆ. ಕೇಳದಿದ್ದರೆ ಸಾಕು."

ಇಷ್ಟೂ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದು ನೋಡಿ.

ಗುರುವಾರ ಬೆಳಿಗ್ಗೆ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಫೋನ್ ಬಂತು. ದಪ್ಪ ದನಿ, ನಿಧಾನದ ಇಂಗ್ಲಿಷ್. ಹುಡುಗನ ದೊಡ್ಡಪ್ಪ. ನನ್ನ ಆರೋಗ್ಯ ಕೇಳಿದರು, ತಮ್ಮ ಮಂಡಿಯ ಬಗ್ಗೆ ಹೇಳಿದರು, ಬೆಂಗಳೂರಿನ ಡಾಕ್ಟರುಗಳನ್ನು ಹೊಗಳಿದರು. ಆಮೇಲೆ, "ಮೇಡಂ, ಹುಡುಗನನ್ನು ಕೇಳಿದರೆ ಅವನು ಬಾಯೊಳಗೇ ಏನೋ ಅನ್ನುತ್ತಾನೆ. ನೀವು ಹಿರಿಯರು, ನೇರವಾಗಿ ಹೇಳಿ. ಹುಡುಗಿ ಇಗ್ಬೋ ತಾನೇ?"

ದನಿಯಲ್ಲಿ ಬೆದರಿಕೆಯಿರಲಿಲ್ಲ. ಆಮೇಲೆ ಎಷ್ಟೋ ಸಲ ಅದನ್ನು ನೆನೆಸಿಕೊಂಡು ನೋಡಿದ್ದೇನೆ, ಇರಲಿಲ್ಲ. ಆದರೂ ನನ್ನ ಬಾಯಿ ನನ್ನನ್ನು ಕೇಳದೆ, "ಆಫ್‌ಕೋರ್ಸ್ ಸರ್. ಇಗ್ಬೋ. ಹಂಡ್ರೆಡ್ ಪರ್ಸೆಂಟ್" ಎಂದಿತು. ಬರೀ ಹೌದು ಎಂದಿದ್ದರೂ ಆಗುತ್ತಿತ್ತು. ಹಂಡ್ರೆಡ್ ಪರ್ಸೆಂಟ್ ಯಾಕೆ ಬೇಕಿತ್ತು?

ಅವರು "ಗಾಡ್ ಬ್ಲೆಸ್ ಯೂ" ಎಂದು ಫೋನಿಟ್ಟರು. ದಂಟು, ಎಲೆ, ಕಸ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿಬಿಟ್ಟಿದ್ದೆ. ಮತ್ತೆ ಬಿಡಿಸಲು ಕೂತೆ.

ಆವತ್ತಿನಿಂದ ಭಾನುವಾರದವರೆಗೆ ನಾನು ಕೂತಲ್ಲಿ ಕೂರಲಿಲ್ಲ. ಹುಡುಗಿ ಬೆಳಿಗ್ಗೆ ಬಂದು ಮಂಡಿಯೂರಿ ಅವಳ ಮನೆಯ ಮಾತನ್ನು ಹೇಳಿದಾಗ ಕಣ್ಣು ತಪ್ಪಿಸಿ ಗುಡ್ ಮಾರ್ನಿಂಗ್ ಎಂದೆ. ಇದ್ದ ಕರ್ಟನ್ನುಗಳನ್ನೆಲ್ಲ ಒಗೆದೆ. ಶುಕ್ರವಾರ ಮಧ್ಯಾಹ್ನ, ಹೇಳಿಯೇಬಿಡುತ್ತೇನೆಂದು ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆ. ಸ್ಟೇಷನ್ನಿನ ಕೆಳಗೆ ಅವಳಿಗಾಗಿ ಒಂದು ಗಂಟೆ ಕಾದೆ. ಅವಳು ಬಿಳಿ ಕೋಟನ್ನು ಮಡಿಸಿ ಕೈಯಲ್ಲಿಟ್ಟುಕೊಂಡು ಬಂದಳು. ನನ್ನನ್ನು ನೋಡಿ ಗಾಬರಿಯಾಗಿ, "ಆಂಟಿ, ಏನಾಯ್ತು? ಹುಷಾರಾ?" ಎಂದು ತನಗೆ ಬರುವ ಕನ್ನಡದಲ್ಲಿ ಕೇಳಿದಳು.

"ಏನಿಲ್ಲ, ಸುಮ್ಮನೆ. ಮೆಟ್ರೋ ನೋಡೋಣ ಅಂತ."

ಕಬ್ಬಿನ ಹಾಲು ಕುಡಿಸಿದೆ. ಭಾನುವಾರ ಉಡಲು ನಿಮ್ಮ ಯಾವ ಸೀರೆ ಕೊಡುತ್ತೀರಿ ಎಂದು ಕೇಳಿದಳು. ಒಟ್ಟಿಗೇ ಮೆಟ್ರೋದಲ್ಲಿ ವಾಪಸು ಬಂದೆವು. ನಾಯಂಡಹಳ್ಳಿಯಲ್ಲಿ ಬಾಯಿ ತೆರೆದೆ, ಬಾಗಿಲು ಮುಚ್ಚಿಕೊಂಡಿತು, ನಾನೂ ಮುಚ್ಚಿಕೊಂಡೆ. ಅತ್ತಿಗುಪ್ಪೆ ಬಂದುಬಿಟ್ಟಿತು.

ನಾನು ಯಾಕೆ ಹೀಗೆ ಎಂಬುದನ್ನೂ ಹೇಳಬೇಕು.

ನಮ್ಮದು ಬಿನ್ನಿಪೇಟೆಯ ಗಿರಣಿಯ ಮನೆ. ತಾತ ಮಗ್ಗ ನಡೆಸಿದವರು, ಅಪ್ಪ ಅಲ್ಲೇ ಗುಮಾಸ್ತರು. ಮನೆಯಲ್ಲಿ ಆಡುತ್ತಿದ್ದ ಮಾತು ತಮಿಳಿನ ಹಾಗಿತ್ತು. ಆದರೆ ತಮಿಳುನಾಡಿನಿಂದ ಬಂದವರು ಅದನ್ನು ಕೇಳಿ ನಗುತ್ತಿದ್ದರು. ಅರ್ಧ ಕನ್ನಡ, ಕಾಲು ತೆಲುಗು, ಉಳಿದದ್ದು ಏನೋ. ನಾವು ಕಂಚಿ ಕಡೆಯಿಂದ ಬಂದವರು ಎಂದು ನನ್ನ ದೊಡ್ಡಪ್ಪ. ಅಲ್ಲ, ಆಂಧ್ರದ ಗಡಿಯವರು ಎಂದು ಸೋದರಮಾವ. ನಾವು ಈ ಊರು ಹುಟ್ಟುವಾಗಲೇ ಇದ್ದವರು ಎಂದು ಅಜ್ಜಿ. ಕಾನ್ವೆಂಟಿನಲ್ಲಿ ಸಿಸ್ಟರ್ ನನ್ನ ಮದರ್ ಟಂಗ್ ಯಾವುದೆಂದು ಕೇಳಿದಾಗ, ಆರು ವರ್ಷದ ನಾನು ಸಿಸ್ಟರಿಗೆ ಯಾವುದು ಇಷ್ಟವೆಂದು ಅವರ ಮುಖ ನೋಡಿದೆ. ಅವರು ತಾವೇ ಕನ್ನಡ ಎಂದು ಬರೆದುಕೊಂಡರು. ನನಗದು ಸರಿಯಾಗೇ ಇತ್ತು. ಓದಿದ್ದು, ಮದುವೆಯಾದದ್ದು, ಸರ್ಕಾರಿ ಆಫೀಸಿನಲ್ಲಿ ಸ್ಟೆನೋ ಆಗಿ ರಿಟೈರ್ ಆದದ್ದು ಎಲ್ಲ ಕನ್ನಡ ಮತ್ತು ಇಂಗ್ಲಿಷಿನಲ್ಲೇ. ಆ ಮನೆಮಾತು ಅಮ್ಮನ ಜೊತೆಗೆ ಮಾತ್ರ ಉಳಿದಿತ್ತು.

ಅಮ್ಮ ಕೊನೆಗಾಲದಲ್ಲಿ ಈ ಮನೆಯಲ್ಲಿ ನಮ್ಮ ಜೊತೆಗಿದ್ದಳು. ಕಾವೇರಿ ಗಲಾಟೆಯ ವರ್ಷ. ಒಂದು ಮಧ್ಯಾಹ್ನ ಏಳೆಂಟು ಜನ ದೊಣ್ಣೆ ಹಿಡಿದು ಬೀದಿಯಲ್ಲಿ ಮನೆಮನೆ ಕೇಳುತ್ತ ಬಂದರು. ನನ್ನ ಯಜಮಾನರು ಆಫೀಸಿನಲ್ಲಿದ್ದರು. ಬೆಲ್ ಹೊಡೆಯಿತು. ಅಡಿಗೆಮನೆಯಿಂದ ಅಮ್ಮ, ಯಾರು ಬಂದದ್ದು ಎಂದು ನಮ್ಮ ಮಾತಿನಲ್ಲಿ ಜೋರಾಗಿ ಕೇಳಿದಳು. ಅವಳಿಗೆ ಮೆಲ್ಲಗೆ ಮಾತಾಡಲು ಬರುತ್ತಲೇ ಇರಲಿಲ್ಲ. ನಾನು ಓಡಿಹೋಗಿ ಅವಳ ಬಾಯಿಗೆ ಅಂಗೈ ಒತ್ತಿ, "ಉಸಿರೆತ್ತಬೇಡ" ಎಂದು, ಅಡಿಗೆಮನೆಯ ಹೊರಗಿನ ಚಿಲಕ ಹಾಕಿದೆ. ಆಮೇಲೆ ಗೇಟಿಗೆ ಹೋಗಿ, ಇಸ್ತ್ರಿ ಮಾಡಿದಂಥ ಕನ್ನಡದಲ್ಲಿ, "ಇಲ್ಲಪ್ಪ, ನಮ್ಮಲ್ಲಿ ತಮಿಳಿನವರು ಯಾರೂ ಇಲ್ಲ" ಎಂದೆ. ಅವರು ಹೋದರು. ಚಿಲಕ ತೆಗೆದಾಗ ಅಮ್ಮ ನೆಲದ ಮೇಲೆ ಕೂತು ಅವರೇಕಾಯಿ ಸುಲಿಯುತ್ತಿದ್ದಳು. ತಲೆಯೆತ್ತಲಿಲ್ಲ.

ಅದಾದ ಮೇಲೆ ಎರಡು ವರ್ಷ ಬದುಕಿದ್ದಳು. ಒಂದು ದಿನವೂ ನನ್ನ ಜೊತೆ ಮನೆಮಾತು ಆಡಲಿಲ್ಲ. ಸಂತೆಯಲ್ಲಿ ಕಲಿತ ಹರುಕು ಕನ್ನಡದಲ್ಲಿ, "ನೀರು ಕೊಡಿ", "ಊಟ ಬೇಡ" ಎನ್ನುತ್ತಿದ್ದಳು. ಸ್ವಂತ ಮಗಳಿಗೆ ಬಹುವಚನ.

ಭಾನುವಾರ ಮೂರೂವರೆಗೆ ಗಂಡಿನ ಕಡೆಯವರು ಬಂದರು. ಹುಡುಗ, ಅವನ ಇಬ್ಬರು ಚರ್ಚ್ ಗೆಳೆಯರು, ದೊಡ್ಡಪ್ಪ. ಅವರು ಎತ್ತರದ ಆಸಾಮಿ, ತಲೆಯ ಮೇಲೆ ಕೆಂಪು ಟೋಪಿ, ಕೈಯಲ್ಲಿ ಕೋಲು. ಆಪರೇಷನ್ ಆದ ಮಂಡಿಗೆಂದು ಹಿಡಿದ ಕೋಲು, ಬೇರೇನಲ್ಲ. ಆದರೂ ಗೇಟಿನ ಸರಳುಗಳ ಸಂದಿಯಲ್ಲಿ ಅದನ್ನು ನೋಡಿ ನಾನು ಅಡಿಗೆಮನೆಯ ಬಾಗಿಲತ್ತ ತಿರುಗಿ ನೋಡಿದೆ. ಬಾಗಿಲು ತೆರೆದೇ ಇತ್ತು. ಅವರು ಕೋಲಿನ ತುದಿಯಿಂದ ಹೊಸಿಲ ಪಕ್ಕಕ್ಕೆ ಮೂರು ಸಲ ತಟ್ಟಿದರು.

ನನ್ನ ಪಕ್ಕದಲ್ಲಿ ಎದುರುಮನೆಯಾಕೆ ರೇಷ್ಮೆ ಸೀರೆಯುಟ್ಟು, ಹೆಣ್ಣಿನ ಕಡೆಯವಳಾಗಿ ಜರ್ಬಿನಿಂದ ಕೂತಿದ್ದಳು. ಹುಡುಗಿ ನನ್ನ ನೇರಳೆ ಮೈಸೂರು ಸಿಲ್ಕಿನಲ್ಲಿದ್ದಳು. ಟೀಪಾಯಿಯ ಮೇಲೆ ಉಪ್ಪಿನಕಾಯಿ ಜಾಡಿಗೆ ಒರಗಿಸಿದ ಫೋನಿನಲ್ಲಿ ಅವಳಪ್ಪ. ಬಿಳಿ ಶರ್ಟು, ಸಣ್ಣ ಮುಖ. ಅಲ್ಲಿ ಇನ್ನೂ ಬೆಳಿಗ್ಗೆ. ಹಿಂದೆ ಕೋಳಿ ಕೂಗುತ್ತಿತ್ತು.

ದೊಡ್ಡಪ್ಪ ತಂದಿದ್ದ ಕೋಲಾ ಕಾಯಿಗಳನ್ನು ನಾನು ನಮ್ಮ ಎಲೆ ಅಡಿಕೆಯ ತಟ್ಟೆಯಲ್ಲೇ ಇಟ್ಟೆ. ಅದು ಅವರಲ್ಲಿ ನಮ್ಮ ತಾಂಬೂಲದ ಹಾಗೆ. ಮಾತು ಕೂಡಿಬಂದರೆ ಒಡೆದು ಹಂಚುತ್ತಾರೆ, ಬರದಿದ್ದರೆ ಹಾಗೇ ಬಿಟ್ಟು ಏಳುತ್ತಾರೆ. ಅವರು ತಟ್ಟೆಯನ್ನು ಮುಟ್ಟಿ ಮಾತು ಶುರು ಮಾಡಿದರು. ಎಲ್ಲ ಇಂಗ್ಲಿಷಿನಲ್ಲಿ, ನನ್ನ ನೆನಪಿನಲ್ಲಿ ಉಳಿದ ಹಾಗೆ ಬರೆಯುತ್ತಿದ್ದೇನೆ. "ನಿಮ್ಮ ಅಂಗಳದಲ್ಲಿ ಒಂದು ಹೂವನ್ನು ನಮ್ಮ ಹುಡುಗ ನೋಡಿದ್ದಾನೆ. ನಾನು ಭಾರವಾದ ಎದೆಯಿಂದ ಈ ಊರಿಗೆ ಬಂದೆ. ನದಿಯಾಚೆಗಿನ ಹುಡುಗಿ ಎಂದಿದ್ದರು. ಆದರೆ ಗುರುವಾರ ಈ ಒಳ್ಳೆಯ ಮೇಡಂ ನನಗೆ ಹೇಳಿದರು, ಹುಡುಗಿ ಇಗ್ಬೋ, ಹಂಡ್ರೆಡ್ ಪರ್ಸೆಂಟ್ ಎಂದು. ಹಾಗಾಗಿ ಇವತ್ತು ನಾನು ನನ್ನ ಸ್ವಂತ ಮನೆಗೇ ಬಂದಿದ್ದೇನೆ."

ಹುಡುಗಿ ನನ್ನತ್ತ ತಿರುಗಿದಳು.

ಫೋನಿನಿಂದ ಅವಳಪ್ಪ, "ಯಾರು ಹಾಗೆ ಹೇಳಿದ್ದು?" ಎಂದರು. "ಮಗಳೇ, ನೀನು ಹೇಳಿಸಿದೆಯಾ?"

ಇಲ್ಲ ಎನ್ನಬಹುದಿತ್ತು. ಅವಳು ತಲೆ ತಗ್ಗಿಸಿ ಸೆರಗಿನ ಅಂಚು ಹಿಡಿದುಕೊಂಡು ಸುಮ್ಮನೆ ನಿಂತಳು. ನನ್ನನ್ನು ಬಿಟ್ಟುಕೊಡಲಿಲ್ಲ.

"ನನ್ನ ಚಿಕ್ಕಪ್ಪನನ್ನು ಯಾವ ಮಾತಿಗೆ ಕೊಂದರೋ ಆ ಮಾತನ್ನು ನೀನು ಹೊದ್ದುಕೊಂಡೆಯಾ? ಸರಿ. ನಿನಗೆ ಅಲ್ಲಿ ಜನ ಸಿಕ್ಕಿದ್ದಾರೆ. ನಾನು ಬೇಕಾಗಿಲ್ಲ." ಅವರ ಬೆರಳು ಪರದೆಯ ಹತ್ತಿರ ದೊಡ್ಡದಾಗಿ ಬಂತು.

"ಡೋಂಟ್ ಕಟ್, ಸರ್! ಪ್ಲೀಸ್!" ಎದ್ದು ನಿಂತಿದ್ದೆ. ಈ ವಯಸ್ಸಿನಲ್ಲಿ ಅಷ್ಟು ಬೇಗ ಎದ್ದದ್ದು ನೆನಪಿಲ್ಲ. "ನಿಮ್ಮ ಮಗಳು ಹೇಳಿಸಲಿಲ್ಲ. ನಾನೇ ಸುಳ್ಳು ಹೇಳಿದೆ. ಅವಳಿಗೆ ಗೊತ್ತೂ ಇಲ್ಲ."

ಕೋಲು ನೆಲಕ್ಕೆ ಕುಟ್ಟಿದ ಸದ್ದಾಯಿತು. "ಯಾಕೆ ಮೇಡಂ?" ದೊಡ್ಡಪ್ಪನ ದನಿ ಏರಿರಲಿಲ್ಲ, ಅದೇ ಕಷ್ಟವಾಗಿತ್ತು. "ನಾನು ಮರ್ಯಾದೆಯಿಂದ ಕೇಳಿದೆ. ನೀವು ಯಾಕೆ ಸುಳ್ಳು ಹೇಳಬೇಕಿತ್ತು?"

ಹೇಳಿದೆ. ಗೇಟಿನ ವಿಷಯ, ಚಿಲಕದ ವಿಷಯ, ಅಮ್ಮನ ವಿಷಯ. ಸ್ಟೆನೋ ಡಿಕ್ಟೇಶನ್ ಓದಿ ಒಪ್ಪಿಸುವ ಹಾಗೆ, ಕಾಮಾ ಫುಲ್‌ಸ್ಟಾಪ್ ಸಮೇತ, ಒಂದೇ ದನಿಯಲ್ಲಿ. ಈ ಬೀದಿಯಲ್ಲಿ ಯಾರಿಗೂ ಹೇಳಿರಲಿಲ್ಲ. ನನ್ನ ಯಜಮಾನರಿಗೂ ಅಮ್ಮನ ಬಾಯಿಗೆ ಕೈಯಿಟ್ಟದ್ದನ್ನು ಹೇಳಿರಲಿಲ್ಲ. ಕೊನೆಗೆ, "ನೀವು ಕೇಳಿದ ತಕ್ಷಣ ನನಗೆ ಆ ಗೇಟು ಕಂಡಿತು ಸರ್, ಅಷ್ಟೇ" ಎಂದೆ.

"ನಾನು," ಅವರು ನಿಧಾನವಾಗಿ ಕೇಳಿದರು, "ದೊಣ್ಣೆ ಹಿಡಿದು ಬಂದವನ ಹಾಗೆ ಕಾಣುತ್ತೀನಾ?"

ಎಲ್ಲರೂ ಅವರ ಕೋಲನ್ನು ನೋಡಿದೆವು. ಅವರೂ ನೋಡಿದರು. ನೋಡಿ, ಅದನ್ನು ಮೆಲ್ಲಗೆ ಸೋಫಾದ ಕೆಳಗೆ ತಳ್ಳಿದರು.

ಇಷ್ಟು ಹೊತ್ತು ಅತ್ತಿತ್ತ ಮುಖ ತಿರುಗಿಸುತ್ತಿದ್ದ ಎದುರುಮನೆಯಾಕೆ ಇನ್ನು ತಡೆಯಲಾರದೆ ನನ್ನ ಸೀರೆ ಜಗ್ಗಿದಳು. "ಏನಂತೆ ಮೇಡಮ್ಮೋರೆ? ಯಾಕ್ ಹಿಂಗ್ ನಿಂತಿದೀರ? ಏನ್ ಕೇಳ್ದ ಆ ಯಪ್ಪ?"

ಆಕೆಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟ. ಆದರೆ ಹೇಳಲು ಶುರು ಮಾಡಿದ ಬಾಯಿ ನಿಲ್ಲಲಿಲ್ಲ. "ಕಾವೇರಿ ಗಲಾಟೇಲಿ ನಮ್ಮನೇಲಿ ಯಾರೂ ತಮಿಳ್ನೋರಿಲ್ಲ ಅಂತ ಸುಳ್ಳು ಹೇಳಿ, ನಮ್ಮಮ್ಮನ್ನ ಅಡಿಗೆಮನೇಲಿ ಕೂಡಿ ಹಾಕಿದ್ದೆ. ಅದನ್ನ ಹೇಳ್ದೆ."

ಆಕೆ ನನ್ನನ್ನೇ ನೋಡಿದಳು. "ಅಷ್ಟೇಯಾ?"

"ಅಷ್ಟೇ."

"ಅಯ್ಯೋ, ಇಡೀ ಬೀದಿಗೇ ಗೊತ್ತಿತ್ತು ಕಣ್ರೀ! ನಿಮ್ಮಮ್ಮ ಸೊಪ್ಪಿನೋಳ ಹತ್ರ ಜಗಳ ಆಡ್ತಿದ್ರೆ ನಮ್ಮನೆ ಹಿತ್ಲುವರ್ಗೂ ಕೇಳ್ತಿತ್ತು. ಅವತ್ತು ಬಂದಿದ್ರಲ್ಲ, ಅವ್ರಿಗೂ ಗೊತ್ತಿತ್ತು. ನಮ್ಮ ಯಜಮಾನ್ರು ಹಿಂದೆ ನಿಂತ್ಕಂಡು, ಆ ಮನೆ ತಂಟೆಗೆ ಹೋದ್ರೆ ಕಾಲ್ ಮುರಿತೀನಿ ಅಂದ್ರು. ಅದ್ಕೇ ಹೋಗಿದ್ದು. ನೀವು ಹೇಳಿದ್ದನ್ನ ನಂಬ್ಕಂಡಾ? ಹೋಗ್ರೀ!"

ನಾನು ಕೂತುಬಿಟ್ಟೆ. ಮೂವತ್ತು ವರ್ಷ ಆಕೆ ನನಗೆ ಮುದ್ದೆ ತಂದುಕೊಟ್ಟಿದ್ದಾಳೆ. ನಾನು ಆಕೆಯ ಎದುರು ಒಂದೊಂದು ಮಾತನ್ನೂ ಒರೆಸಿ ಒರೆಸಿ ಆಡಿದ್ದೇನೆ. ಹಾಗಾದರೆ ಆ ಚಿಲಕ ಬೇಕಾಗಿರಲಿಲ್ಲ. ಅಮ್ಮ ಬಾಗಿಲಿಗೆ ಬಂದು ಅವಳ ಗಂಟಲಿನಲ್ಲೇ ಕೂಗಾಡಿದ್ದರೂ ಅವರು ಹೋಗುತ್ತಿದ್ದರು. ಇದನ್ನು ಎಲ್ಲಿ ಇಟ್ಟುಕೊಳ್ಳುವುದೋ ಇವತ್ತಿಗೂ ನನಗೆ ತಿಳಿದಿಲ್ಲ.

"ಆಕೆ ಏನು ಹೇಳುತ್ತಿದ್ದಾರೆ?" ದೊಡ್ಡಪ್ಪ ಕೇಳಿದರು. ಹುಡುಗಿಯೇ ತನಗೆ ತಿಳಿದಷ್ಟನ್ನು ಇಂಗ್ಲಿಷಿನಲ್ಲಿ ಹೇಳಿದಳು, ತಪ್ಪಿದಲ್ಲಿ ನಾನು ತಿದ್ದಿದೆ. ಅವರು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು.

"ಅಂದರೆ ಎಲ್ಲರಿಗೂ ಗೊತ್ತಿತ್ತು," ಎಂದರು. "ಬಚ್ಚಿಟ್ಟುಕೊಂಡವರು ಮೇಡಂ ಒಬ್ಬರೇ." ಆಮೇಲೆ ಫೋನಿನತ್ತ ಬಾಗಿ ಕೇಳಿದರು, "ಯುದ್ಧದಲ್ಲಿ ನಿಮಗೆಷ್ಟು ವಯಸ್ಸು?"

"ಆರು," ಎಂದರು ಅವಳಪ್ಪ. ಫೋನು ಇನ್ನೂ ಕಟ್ ಆಗಿರಲಿಲ್ಲ.

"ನನಗೆ ಹನ್ನೊಂದು. ಏನು ತಿನ್ನುತ್ತಿದ್ದಿರಿ?"

"ಕಾಡಿನಲ್ಲಿ ಅಡಗಿದ್ದಾಗ ಹಸಿ ಗೆಣಸು. ಬೆಂಕಿ ಹಾಕಿದರೆ ಹೊಗೆ ಕಾಣುತ್ತದೆ ಎಂದು."

"ನಾವು ಹಲ್ಲಿ ತಿಂದೆವು."

"ನಾವೂ."

ಆಮೇಲೆ ಅವರಿಬ್ಬರೂ ಇಂಗ್ಲಿಷನ್ನು ಬಿಟ್ಟರು. ಮಾತು ಹೋಯಿತು, ಬಂತು. ಒಂದು ಸಲ ಜೋರಾಯಿತು, ದೊಡ್ಡಪ್ಪ ಟೀಪಾಯಿ ಗುದ್ದಿದರು, ಉಪ್ಪಿನಕಾಯಿ ಜಾಡಿ ಅಲುಗಿತು. ಹುಡುಗ ಎದ್ದು ನಿಂತ. ನಾನು ಹುಡುಗಿಯ ಕೈ ಹಿಡಿದೆ. "ಏನನ್ನುತ್ತಿದ್ದಾರೆ?" ಎಂದು ಪಿಸುಗುಟ್ಟಿದೆ.

"ದೊಡ್ಡಪ್ಪ ಇಗ್ಬೋದಲ್ಲಿ ಮಾತಾಡ್ತಿದಾರೆ, ಅಪ್ಪ ಇಕಾದಲ್ಲಿ. ದೊಡ್ಡಪ್ಪ ಹೇಳ್ತಿದಾರೆ, ನೋಡಿ, ನನಗೆ ನಿಮ್ಮ ಮಾತು ಅರ್ಥ ಆಗ್ತಿದೆ, ನೀವು ನಮ್ಮವರೇ ಅನ್ನೋದಕ್ಕೆ ಇನ್ನೇನು ಬೇಕು ಅಂತ. ಅಪ್ಪ ಹೇಳ್ತಿದಾರೆ, ನಮ್ಮ ಅಜ್ಜಂದಿರು ನಿಮಗೆ ಮಾತಾಡೋದು ಕಲಿಸಿದರು, ಅದಕ್ಕೇ ಅರ್ಥ ಆಗ್ತಿದೆ ಅಂತ."

ಅಷ್ಟರಲ್ಲಿ ಅವಳು ನನ್ನ ಕೈ ಬಿಡಿಸಿಕೊಂಡು ಹೋಗಿ, ಫೋನಿನ ಮುಂದೆ ನೇರಳೆ ಸೀರೆಯಲ್ಲಿ ಒಂದು ಮಂಡಿಯೂರಿದಳು. ನನಗೆ ದಿನಾ ಹೇಳುತ್ತಿದ್ದ ಆ ಮಾತನ್ನು ಅಪ್ಪನಿಗೆ ಹೇಳಿದಳು. ಅಲ್ಲಿ ಬೆಳಿಗ್ಗೆಯಲ್ಲವೇ. ಅವರು ಮಾತು ನಿಲ್ಲಿಸಿದರು. ಅದಕ್ಕೆ ಮರುಮಾತು ಹೇಳದೆ ಇರುವಂತಿಲ್ಲವಂತೆ, ಎಷ್ಟೇ ಕೋಪವಿರಲಿ. ಕೋಳಿ ಮತ್ತೊಮ್ಮೆ ಕೂಗಿತು. ಅವರು ಮರುಮಾತು ಹೇಳಿದರು.

ಮದುವೆಯಾಗಿ ಬೇರೆ ಮನೆಗೆ ಹೋದ ಹೆಣ್ಣು ಆ ಮನೆಯ ನಮಸ್ಕಾರವನ್ನು ಕಲಿತು ತನ್ನದನ್ನು ಬಿಡಬೇಕೆಂದು ಅವಳು ನನಗೆ ಹೇಳಿದ್ದಳು. ದೊಡ್ಡಪ್ಪನಿಗೂ ಗೊತ್ತಿತ್ತೆಂದು ಕಾಣುತ್ತದೆ. "ನಮ್ಮ ಮನೆಯಲ್ಲಿ ಇಂಥದ್ದು ಯಾವುದೂ ಇಲ್ಲ," ಎಂದರು ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ. "ಇದನ್ನು ಬಿಟ್ಟರೆ ಅವಳಿಗೆ ಬದಲಿಗೆ ಕೊಡಲು ನಮ್ಮಲ್ಲಿ ಏನೂ ಇಲ್ಲ. ಇರಲಿ, ಇಟ್ಟುಕೊಳ್ಳಲಿ." ಆಮೇಲೆ ಫೋನಿಗೆ, "ಅವಳು ಇಗ್ಬೋ ಎಂದೇ ನಾನು ಈಗಲೂ ಹೇಳುವುದು."

"ಅಲ್ಲ ಎಂದೇ ನಾನು ಹೇಳುವುದು."

"ಈ ಜಗಳ ನಾಲ್ಕು ಮಾತಿನಲ್ಲಿ ಮುಗಿಯುವುದಲ್ಲ. ಬೀಗರಾದರೆ ಸಾಯುವವರೆಗೂ ಆಡಬಹುದು."

ಫೋನಿನಲ್ಲಿ ಸಣ್ಣ ಮುಖ ಬಹಳ ಹೊತ್ತು ಅಲುಗಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದು ಹುಡುಗ ಹತ್ತಿರ ಬಂದ. ನೆಟ್‌ವರ್ಕ್ ಇತ್ತು. "ಕೋಲಾ ಒಡೆಯಿರಿ," ಎಂದರು ಅವಳಪ್ಪ.

ಒಡೆದರು. ಎದುರುಮನೆಯಾಕೆ ಒಂದು ಚೂರನ್ನು ವೀಳ್ಯದೆಲೆಯಲ್ಲಿ ಸುತ್ತಿ ಬಾಯಿಗಿಟ್ಟು, ಮುಖ ಕಿವುಚಿ, "ಥೂ, ಕಹಿ! ಇದ್ಕಾ ಇಷ್ಟೆಲ್ಲ ರಂಪ?" ಎಂದಳು. ಆದರೆ ಉಗುಳಲಿಲ್ಲ. ಹುಡುಗಿ ನನ್ನ ಭುಜಕ್ಕೆ ಮುಖವಿಟ್ಟು ಒಂದಷ್ಟು ಹೊತ್ತು ಅತ್ತಳು. ನಂತರ ತಲೆಯೆತ್ತಿ, "ಹಂಡ್ರೆಡ್ ಪರ್ಸೆಂಟ್, ಆಂಟಿ?" ಎಂದಳು. ಕ್ಷಮಿಸಿದಳೋ, ಹಂಗಿಸಿದಳೋ. ಎರಡೂ ಇದ್ದಿರಬೇಕು. ಮೂರು ತಿಂಗಳ ಮೇಲೆ ಮದುವೆಯಾಗಿ ಹೋಗುವವರೆಗೆ ಅವಳು ಬೆಳಿಗ್ಗೆ ಕೆಳಗಿಳಿಯುವುದನ್ನು ನಿಲ್ಲಿಸಲಿಲ್ಲ. ಆ ಮಾತಿನ ಮರುಮಾತನ್ನು ನನಗೆ ಕಲಿಸಿಕೊಟ್ಟಳು. ನಮ್ಮ ಅಮ್ಮನ ಮಾತಿನಲ್ಲಿ ಬೆಳಗಿಗೆ ಏನನ್ನುತ್ತಿದ್ದರೆಂದು ಅವಳು ಕೇಳಿದಳು. ಎಷ್ಟು ತಡಕಿದರೂ ನನಗೆ ಸಿಗಲಿಲ್ಲ.

ಆ ಭಾನುವಾರ ಎಲ್ಲರೂ ಹೊರಟಾಗ ದೊಡ್ಡಪ್ಪನ ಕೋಲು ಸೋಫಾದ ಕೆಳಗೇ ಉಳಿದಿತ್ತು. ನಾನು ಬಗ್ಗಿ ತೆಗೆದು ಗೇಟಿನವರೆಗೆ ಒಯ್ದು ಕೊಟ್ಟೆ. ಕ್ಯಾಬ್ ಬಂದು ನಿಂತಿತ್ತು. ಅವರು ಕೋಲೂರಿ ಗೇಟಿನಾಚೆ ನಿಂತು ಈಚೆ ತಿರುಗಿದರು.

"ನೀವು, ಮೇಡಂ? ನಿಮ್ಮದು ಯಾವ ಜನ?"

ಅದೇ ಗೇಟು. ಬಾಯಲ್ಲಿ ಉತ್ತರ ತಯಾರಾಗಿ ನಿಂತಿತ್ತು, ಯಾವತ್ತಿನ ಹಾಗೆ. ಅದನ್ನು ನುಂಗಿದೆ. ಅದರ ಜಾಗಕ್ಕೆ ಬೇರೆ ಏನಾದರೂ ಬರುತ್ತದೆಯೋ ಎಂದು ಕಾದೆ. ಬರಲಿಲ್ಲ.

"ಐ ಡೋಂಟ್ ನೋ, ಸರ್," ಎಂದೆ.

ಅವರು ಯೋಚಿಸಿದರು. "ಹಾಗಾದರೆ," ಎಂದರು, ಗಂಭೀರವಾಗಿಯೇ, "ನೀವೂ ಇಗ್ಬೋ ಆಗಿರಬಹುದು."

ಅವರ ಕ್ಯಾಬ್ ತಿರುವು ದಾಟುವವರೆಗೂ ನಾನು ಒಬ್ಬಳೇ ನಗುತ್ತ ನಿಂತಿದ್ದೆ. ಎದುರುಮನೆಯಾಕೆ ತನ್ನ ಗೇಟಿನಿಂದ, "ಏನಂದ ಆ ಯಪ್ಪ?" ಎಂದು ಕೂಗಿದಳು. ಹೇಳಲು ರಸ್ತೆ ದಾಟಿದೆ.